ಚೌಡಿ ಬಾರದ ಬೆಳಗು

ಮತ್ತೊಂದು ಕೊಡ ತಣ್ಣೀರು ಹೂವಪ್ಪನ ನೆತ್ತಿಯ ಮೇಲೆ ಬಿತ್ತು. ಅವನು ಕಣ್ಣು ತೆರೆಯಲಿಲ್ಲ. ಎದೆಗೊತ್ತಿ ಹಿಡಿದ ಅಡಿಕೆ ಹೂವಿನ ಹಿಂಗಾರದಿಂದ ನೀರು ತೊಟ್ಟಿಕ್ಕುತ್ತಿತ್ತು. ಎದುರಿಗೆ ಊರ ದೇವತೆ ಚೌಡಿಯ ಕಲ್ಲು, ಸುತ್ತ ಊರವರು.

"ತಾಯೀ, ಹುಡುಗನ ಮೈಮೇಲೆ ಬಾ," ಅಂದ ಚಿಕ್ಕಪ್ಪ ಕೆರಿಯಪ್ಪ.

ಶರಾವತಿಗೆ ಅಣೆಕಟ್ಟೆ ಏಳುತ್ತಿತ್ತು; ಹೊಸನಗರ ಸೀಮೆಯ ಈ ಊರು ಮುಂದಿನ ಮಳೆಗಾಲಕ್ಕೆ ಮುಳುಗುವುದು ಖಾತ್ರಿ. ಆನಂದಪುರದ ಹತ್ತಿರ ಹೊಸ ಜಾಗ ಸಿಕ್ಕಿತ್ತು. ಆದರೆ ಚೌಡಿ ಮೈಮೇಲೆ ಬಂದು 'ಎತ್ತಿ' ಅನ್ನದೆ ಕಲ್ಲಿಗೆ ಕೈ ಹಚ್ಚುವಂತಿಲ್ಲ. ಅವಳು ಬರುತ್ತಿದ್ದುದು ಹೂವಪ್ಪನ ಅಪ್ಪನ ಮೇಲೆ. ಅವನು ಹೋದ ವರ್ಷ ತೀರಿಕೊಂಡಿದ್ದ. ಇನ್ನು ಬಂದರೆ ಮಗನ ಮೇಲೆಯೇ ಬರಬೇಕು.

ಹೂವಪ್ಪನಿಗೆ ಬೇಕಾದದ್ದು ಬೇರೆ. ದೇವರಿದ್ದರೆ ತಾನೇ ಕಾಣಬೇಕು, ಇನ್ನೊಬ್ಬರ ಬಾಯಿಂದ ಕೇಳಿದ್ದು ಸಾಲದು. ಇದೇ ಹುಚ್ಚಿಗೆ ಸಾಗರದ ಹೈಸ್ಕೂಲು ಬಿಟ್ಟು, ತೀರ್ಥಹಳ್ಳಿಯ ಹೊಳೆದಂಡೆಯಲ್ಲಿ ಸನ್ಯಾಸಿಯೊಬ್ಬನ ಕಾವಿ ಒಗೆದು, ಅದರ ಕೊಳೆಯನ್ನಷ್ಟೇ ಕಂಡು ಮರಳಿದ್ದ. ಕಲ್ಲಿನೆದುರು ನಿಲ್ಲಲು ಒಪ್ಪಿದ್ದೂ ಅದಕ್ಕೇ. ಬಂದರೆ ತನಗೆ ಗೊತ್ತಾಗುತ್ತದಲ್ಲ.

ನಿಂತ. ಹಸಿವಾಯಿತು. ಇರುವೆ ಕಚ್ಚಿತು. ಆಮೇಲೆ ದವಡೆ ಅದುರಿತು, ಮೊಣಕಾಲು ನಡುಗಿತು. ಪುಷ್ಯ ಮಾಸದ ಚಳಿ, ಬರಿಹೊಟ್ಟೆ, ಒದ್ದೆ ಪಂಚೆ. ಅದರಾಚೆ ಏನೂ ಇರಲಿಲ್ಲ.

"ಬಂದ್ಲು ಕಣ್ರೋ," ಅಂದಳು ಮುದುಕಿ ಮಾಸ್ತಮ್ಮ. ಜನ ಅಡ್ಡಬಿದ್ದರು. ಅವನ ತಾಯಿ ಗುತ್ಯಮ್ಮನೂ ಮಗನ ಪಾದಕ್ಕೆ ಹಣೆ ಹಚ್ಚಿದಳು.

ಹೂವಪ್ಪ ಕಣ್ಣು ಬಿಟ್ಟ. "ಏಳವ್ವ. ಇದು ಚಳಿ."

"ಹಂಗೇ ಕಣಮ್ಮ ಅನ್ನೋದು ಅವ್ಳು. ಆಟ ಆಡ್ತಾಳೆ," ಎಂದಳು ಮಾಸ್ತಮ್ಮ.

ಕೆರಿಯಪ್ಪ ಕಿವಿಯ ಹತ್ತಿರ ಬಾಗಿದ. "ಬಾಯಿ ಮುಚ್ಚೋ. ನಿಮ್ಮಪ್ಪಂಗೂ ಮೊದ್ಲು ಆಗಿದ್ದು ಚಳೀನೇ. ಮೈ ಬಿಡು, ಮುಂದಿಂದು ತಾನೇ ಆಗ್ತದೆ."

"ಅಪ್ಪ ಹಂಗಂದಿದ್ನಾ?"

"ನಂಗೊಬ್ಬಂಗೇ."

ಅಪ್ಪನ ಮಾತು ಚೌಡಿಯದೆಂದೇ ನಂಬಿ ಊರು ಮದುವೆ ಮಾಡಿತ್ತು, ಮದುವೆ ಮುರಿದಿತ್ತು.

"ಹಂಗಾರೆ ಅವ್ನ ಮೈಮೇಲೂ ಅವ್ಳು ಬಂದಿರ್ಲಿಲ್ಲ."

"ಅದ್ಯಾಕೆ ನಿಂಗೆ? ಕಲ್ಲನ್ನ ನೀರಲ್ಲಿ ಬಿಟ್ಟು ಹೋಗ್ಬೇಕಾ ನಾವು?"

"ಎತ್ತಿ ಚಿಕ್ಕಪ್ಪ. ನಾನೇ ಹೊರ್ತೀನಿ. ಅವ್ಳು ಹೇಳಿದ್ಲು ಅಂತ ಮಾತ್ರ ಹೇಳಲ್ಲ."

ಕೆರಿಯಪ್ಪ ಚೌಡಿ ಬಂದಾಗ ಅಣ್ಣ ಉಡುತ್ತಿದ್ದ ಕೆಂಪು ಪಟ್ಟೆ, ಹಿಡಿಯುತ್ತಿದ್ದ ಬೆಳ್ಳಿಕಟ್ಟಿನ ಬೆತ್ತ ಎರಡನ್ನೂ ಮುಂದೆ ಚಾಚಿದ.

"ಹಿಡಿಯೋ ಮಾರಾಯ. ಊರಿಗೂರೇ ನಿನ್ ಮಾತು ಕೇಳ್ತದೆ."

"ಬೇಡ," ಅಂದ ಹೂವಪ್ಪ, ಎಲ್ಲರಿಗೂ ಕೇಳುವಂತೆ. "ನನ್ ಮೈಮೇಲೆ ಯಾರೂ ಬಂದಿಲ್ಲ."