ಬರೋ ಸದ್ದು

ಅಪ್ಪನ ಲೂನಾ ರಿಪೇರಿ ಮಾಡಿಸಬೇಕೆಂಬ ಹುಚ್ಚು ನನ್ನದಲ್ಲ, ಅಮ್ಮನದು. ಅಪ್ಪ ತೀರಿಕೊಂಡ ಮೇಲೆ ಹನ್ನೊಂದು ತಿಂಗಳು ಅವಳು ನನ್ನನ್ನು ಏನೂ ಕೇಳಿರಲಿಲ್ಲ. ಸಾರಿಗೆ ಉಪ್ಪು ಮರೆತರೂ ಸುಮ್ಮನೆ ಉಣ್ಣುತ್ತಿದ್ದಳು. ಒಂದು ಭಾನುವಾರ ಜಗಲಿಯ ಮೇಲೆ ಕೂತವಳು ಇದ್ದಕ್ಕಿದ್ದಂತೆ, "ಪಾಪಾ, ನಿಮ್ಮಪ್ಪನ ಗಾಡಿ ಸದ್ದು ಕೇಳ್ಬೇಕು ಕಣೇ. ಸಾಯೋದ್ರೊಳಗೆ ಒಂದೇ ಒಂದ್ಸಲ" ಅಂದಳು.

ಸಕ್ಕರೆ ಕಾಯಿಲೆಗೆ ಅವಳ ಎರಡೂ ಕಣ್ಣು ಹೋಗಿ ಒಂಬತ್ತು ವರ್ಷ. ಗೋಡೆಯ ಮೇಲಿನ ಅಪ್ಪನ ಫೋಟೋ ಅವಳಿಗೆ ಬರೀ ಗಾಜು. ಎದುರಾಡಲು ನನಗೆ ಮನಸ್ಸು ಬರಲಿಲ್ಲ.

ನಾನು ತ್ರಿವೇಣಿ, ಶ್ರೀನಿವಾಸಪುರದ ಬಸ್‌ಸ್ಟ್ಯಾಂಡ್ ಹಿಂದೆ ಬ್ಲೌಸ್ ಹೊಲಿಯುವವಳು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಹೋಳೂರಿನ ಪಕ್ಕದ ನಮ್ಮೂರಿಗೆ ವಾಪಸ್ಸು. ಮಾಡಿದರೆ ನೆಟ್ಟಗೆ ಮಾಡಬೇಕು, ಇಲ್ಲದಿದ್ದರೆ ಕೈ ಹಾಕಬಾರದು ಅನ್ನುವ ಪೈಕಿ. ತೋಳಿನಲ್ಲಿ ಒಂದು ದಾರ ಜೋತಾಡುತ್ತಿದ್ದರೂ ನನಗೆ ಊಟ ಸೇರುವುದಿಲ್ಲ.

ಕೊಟ್ಟಿಗೆಯಿಂದ ಲೂನಾ ಹೊರಗೆಳೆದಾಗ ಸೀಟಿನೊಳಗಿಂದ ಇಲಿಯೊಂದು ನನ್ನನ್ನೇ ಬೈಯುವಂತೆ ನೋಡಿ ಓಡಿತು. ನಮ್ಮಪ್ಪ ಶ್ರೀರಾಮಪ್ಪ ಮೂವತ್ತು ವರ್ಷ ಇದರ ಮೇಲೇ ರೇಷ್ಮೆಹುಳುವಿಗೆ ಸೊಪ್ಪು ತಂದವನು, ಗೂಡು ಮಾರ್ಕೆಟ್ಟಿಗೆ ಒಯ್ದವನು. ಪೆಡಲ್ ತುಳಿದು ಸ್ಟಾರ್ಟ್ ಮಾಡುವ ಗಾಡಿ. ಎಂಜಿನ್ ಆರಿಸಿದರೆ ಸೈಕಲ್ಲಿನಂತೆ ತುಳಿಯಲೂಬಹುದು. ಮಾವಿನಕಾಯಿ ಟೆಂಪೋದಲ್ಲಿ ಹಾಕಿಸಿ ಮೆಕ್ಯಾನಿಕ್ ಮುನಿಶಾಮಣ್ಣನ ಶೆಡ್ಡಿಗೆ ಒಯ್ದೆ.

ಅವನು ಸುತ್ತ ಬಂದು ನೋಡಿ, "ಎಂಜಿನ್ ಏಳುತ್ತೆ ಬಿಡಮ್ಮ. ಆದ್ರೆ ಈ ಪೆಡಲ್ ಬುಷ್ ಪೂರ್ತಿ ತಿಂದೋಗಿದೆ, ತುಳಿದ್ರೆ ಅರ್ಧ ಊರಿಗೆ ಕೇಳುತ್ತೆ. ನಿಮ್ಮಪ್ಪಂಗೆ ಎಷ್ಟು ಸಲ ಹೇಳ್ದೆ! ಇದೊಂದನ್ನ ಮಾತ್ರ ಮುಟ್ಟಕ್ಕೆ ಬಿಡ್ಲಿಲ್ಲ. ಎಣ್ಣೆ ಹಾಕಕ್ಕೂ ಬಿಡ್ಲಿಲ್ಲ" ಅಂದ.

"ಜಿಪುಣ ಕಣಣ್ಣ ನಮ್ಮಪ್ಪ" ಎಂದು ನಕ್ಕೆ. "ಎಲ್ಲಾ ಹೊಸದು ಹಾಕು. ಎಂಜಿನ್ ಸದ್ದು ಬಿಟ್ರೆ ಬೇರೇನೂ ಕೇಳಿಸ್ಬಾರ್ದು."

ಅಂದೇ ಬುಷ್ಷು, ಪೆಡಲ್ಲು, ಸವೆದ ಚೈನು ಎಲ್ಲ ಬಿಚ್ಚಿ ನನ್ನೆದುರೇ ಗುಜರಿಯವನ ಚೀಲಕ್ಕೆ ಹಾಕಿದ. ಮನೆಯ ಕಸ ಹೊರಗೆ ಹೋದಷ್ಟು ಸಮಾಧಾನವಾಯಿತು ನನಗೆ.

ಮೂರು ವಾರದ ಮೇಲೆ ಗಾಡಿ ಹತ್ತಿ ಊರಿಗೆ ಹೊರಟೆ. ಅದೇ ಡುಗು ಡುಗು. ದಾರಿಯುದ್ದಕ್ಕೂ ಅಪ್ಪನ ನೆನಪಾಗಿ ಅಳು ಬಂತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ನೇರ ಜಗಲಿಯ ಮುಂದೆ ತಂದು, ಎಂಜಿನ್ ಆರಿಸದೆ, "ಕೇಳಿಸ್ಕೋ ಅಮ್ಮಾ!" ಎಂದು ಕೂಗಿದೆ.

ಅಮ್ಮ ಗೋಡೆ ಹಿಡಿದು ಎದ್ದು ನಿಂತಳು. ಮುಖ ಒಂದು ಗಳಿಗೆ ಅರಳಿತು. ಆಮೇಲೆ ಮೆಲ್ಲಗೆ ಕೂತುಬಿಟ್ಟಳು.

"ಚೆನ್ನಾಗಿ ಮಾಡ್ಸಿದೀಯ ಪಾಪಾ. ಆದ್ರೆ ಇದು ನಿಮ್ಮಪ್ಪ ಹೋಗೋ ಸದ್ದು. ನಂಗೆ ಬರೋ ಸದ್ದು ಬೇಕಿತ್ತು."

ನನಗೆ ತಕ್ಷಣ ಅರ್ಥವಾಗಲಿಲ್ಲ. ಎಂಜಿನ್ ಆರಿಸಿದೆ.

"ಮನೆ ತುಂಬಾ ಹುಳು ಇರ್ತಿತ್ತಲ್ಲೇ. ಹುಳೂಗೆ ಹೊಗೆ ಆಗಲ್ಲ ಅಂತ ಬೆಳಿಗ್ಗೆ ಹೊಂಗೆಮರದ ತನಕ ತಳ್ಕೊಂಡ್ ಹೋಗಿ ಅಲ್ಲಿ ಸ್ಟಾರ್ಟ್ ಮಾಡೋರು. ಸಂಜೆ ಅಲ್ಲೇ ಆರಿಸಿ ತುಳ್ಕೊಂಡ್ ಬರೋರು. ರಸ್ತೇಲಿ ನೂರು ಗಾಡಿ ಓಡಾಡುತ್ವೆ, ಯಾವ್ದು ಯಾರ್ದು ಅಂತ ನಂಗೇನ್ ಗೊತ್ತು? ಮರದಿಂದೀಚೆಗೆ ಪೆಡಲ್ಲು ಕಿರಕಿರ ಅಂದ್ರೆ ಅವ್ರೇ. ಕಣ್ಣು ಹೋದ್ಮೇಲೆ ಅದಕ್ಕೆ ಎಣ್ಣೆ ಹಾಕ್ಬೇಡಿ ಅಂತ ನಾನೇ ಕೇಳ್ಕೊಂಡಿದ್ದೆ."

ಅಪ್ಪ ಮರದ ಹತ್ತಿರ ಇಳಿಯುವುದನ್ನು ಹುಟ್ಟಿದಾಗಿನಿಂದ ನೋಡಿದವಳು ನಾನು. ಸದ್ದು ಅಂದಾಗ ಅದು ನನಗೇಕೆ ಹೊಳೆಯಲಿಲ್ಲ? ಜಿಪುಣ ಅಂದ ನನ್ನ ನಾಲಿಗೆಗೆ ಏನು ಮಾಡಲಿ?

"ಮರದಿಂದ ಒಂದ್ಸಲ ತುಳ್ಕೊಂಡ್ ಬಾರೇ" ಅಂದಳು ಅಮ್ಮ, ಎಳೆ ಹುಡುಗಿಯ ಆಸೆಯಲ್ಲಿ.

ಎಲ್ಲ ಬದಲಾಯಿಸಿದ್ದೇನೆ ಎಂದು ಹೇಳಲು ಧೈರ್ಯ ಸಾಲಲಿಲ್ಲ. ಎಲ್ಲೋ ಒಂದು ಚೂರು ಉಳಿದಿದ್ದೀತು ಎಂಬ ಆಸೆಯಿಂದ ಹೊಂಗೆಮರದವರೆಗೆ ತಳ್ಳಿಕೊಂಡು ಹೋದೆ. ಹತ್ತಿ ಕೂತು ತುಳಿದೆ. ಪೆಡಲ್ಲು ನುಣ್ಣಗೆ ತಿರುಗಿತು. ಬೇಕೆಂದೇ ಭಾರ ಬಿಟ್ಟು ಒದ್ದು ಒದ್ದು ತುಳಿದೆ. ಚೈನೂ ಸೊಲ್ಲೆತ್ತಲಿಲ್ಲ. ಮುನಿಶಾಮಣ್ಣ ನಾನು ಹೇಳಿದಂತೆಯೇ ಕೆಲಸ ಮಾಡಿದ್ದ. ಮೆತ್ತನೆ ಮಣ್ಣಿನಲ್ಲಿ ಹೊಸ ಟೈರು ಉರುಳಿ ಜಗಲಿಯ ಮುಂದೆ ಬಂದು ನಿಂತಿತು.

ಅಮ್ಮ ನನ್ನಿಂದ ಒಂದು ಮೊಳ ದೂರದಲ್ಲಿ ಕೂತಿದ್ದಳು. ಸೆರಗು ಹೊದ್ದು, ತಲೆ ವಾಲಿಸಿ, ಕಿವಿಯನ್ನು ಮರದ ಕಡೆಗೆ ಕೊಟ್ಟಿದ್ದಳು. ನಾನು ಉಸಿರು ಬಿಗಿಹಿಡಿದು ನಿಂತೆ, ಕಣ್ಣೀರು ಹ್ಯಾಂಡಲ್ ಮೇಲೆ ಬೀಳುತ್ತಿತ್ತು.

"ತುಳಿಯೇ ಪಾಪಾ" ಎಂದು ನನ್ನನ್ನು ದಾಟಿ ದೂರಕ್ಕೆ ಕೂಗಿದಳು. "ಕೇಳಿಸ್ಕೊಂತಾನೇ ಇದ್ದೀನಿ."