ಹಸಿರು ಚುಕ್ಕಿಯ ಸಾಕ್ಷಿ

ನಾನು ಕಂಪ್ಯೂಟರಿನ ಒಂದು ಮೌಸ್. ಕಪ್ಪು ಮೈ, ಎರಡು ಗುಂಡಿ, ನಡುವೆ ಒಂದು ಚಕ್ರ, ಹೊಟ್ಟೆಯ ಕೆಳಗೆ ಕೆಂಪು ದೀಪ, ಉದ್ದನೆಯ ತಂತಿ. ಮೊದಲೇ ಹೇಳಿಬಿಡುತ್ತೇನೆ, ನನಗೆ ಯಾರ ಮೇಲೂ ನಂಬಿಕೆ ಇಲ್ಲ. ಓದುತ್ತಿರುವ ನಿಮ್ಮ ಮೇಲೂ ಇಲ್ಲ. ಕಚೇರಿ ಹೊತ್ತಿನಲ್ಲಿ ಕದ್ದು ಓದುತ್ತಿದ್ದೀರೋ ಏನೋ, ಯಾರಿಗೆ ಗೊತ್ತು.

ಈ ಸಂಶಯದ ಬುದ್ಧಿ ನನಗೆ ಹುಟ್ಟಿದ ದಿನವೇ ಅಂಟಿತು. ಸಮುದ್ರದಾಚೆಯ ಕಾರ್ಖಾನೆಯಲ್ಲಿ ನನಗೆ ಮುಚ್ಚಳ ಹಾಕಿ ಸ್ಕ್ರೂ ಬಿಗಿದು ಒಂದು ನಿಮಿಷವೂ ಆಗಿರಲಿಲ್ಲ, ಗುಂಡಿ ಸರಿಯಿದೆಯೋ ಇಲ್ಲವೋ ಅಂತ ಪರೀಕ್ಷಿಸಲು ಕಬ್ಬಿಣದ ಬೆರಳೊಂದು ಬಂದು ನನ್ನನ್ನು ಒತ್ತತೊಡಗಿತು. ಒಂದು ಸಲ ಎರಡು ಸಲ ಅಲ್ಲ, ನೂರಾರು ಸಲ. ಆಗಿನ್ನೂ ನಾನು ಎಳ್ಳುಕಾಳಷ್ಟು ತಪ್ಪೂ ಮಾಡಿರಲಿಲ್ಲ. ನನ್ನನ್ನು ನಂಬದವರನ್ನು ನಾನ್ಯಾಕೆ ನಂಬಬೇಕು ಅಂತ ಆವತ್ತೇ ತೀರ್ಮಾನಿಸಿದೆ.

ಹಡಗು, ಲಾರಿ ಎಲ್ಲ ದಾಟಿ ಮೈಸೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಬಂದೆ. ಅಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದವರು ಫಕೀರಪ್ಪ, ಗದಗಿನ ಕಡೆಯವರು. ನನ್ನ ಹೊಟ್ಟೆಗೆ ನಂಬರಿನ ಚೀಟಿ ಅಂಟಿಸಿ, "ಎಲ್ಲೂ ಕಳದು ಹೋಗಬ್ಯಾಡಪಾ, ಆಮ್ಯಾಲೆ ನನ್ನ ಕೇಳ್ತಾರ" ಅಂದರು. ಮೊದಲ ಭೇಟಿಯಲ್ಲೇ ಎಚ್ಚರಿಕೆ ನೋಡಿ. ಆದರೂ ಈ ಕಥೆಯಲ್ಲಿ ನನಗೆ ಸ್ವಲ್ಪವಾದರೂ ಹಿಡಿಸಿದ ಮನುಷ್ಯ ಅಂದರೆ ಅವರೇ.

ನನ್ನ ಮೊದಲ ಯಜಮಾನ ಕೀರ್ತನ್, ಪುತ್ತೂರಿನ ಹುಡುಗ, ನಗುಮುಖದವನು. ಆಗ ಎಲ್ಲರೂ ಮನೆಯಿಂದ ಕೆಲಸ ಮಾಡುತ್ತಿದ್ದ ಕಾಲ, ನನ್ನನ್ನು ಅವನ ಮನೆಗೇ ಕಳಿಸಿದರು. ಕಣ್ಣಿಗೆ ಕಾಣದವರು ಕೆಲಸ ಮಾಡುತ್ತಾರೋ ಮಲಗುತ್ತಾರೋ ಅಂತ ಕಂಪನಿಗೆ ಚಿಂತೆ ಹತ್ತಿತು. ಅದಕ್ಕೆ ಪ್ರತಿಯೊಬ್ಬರ ಹೆಸರಿನ ಪಕ್ಕ ಒಂದು ಚುಕ್ಕಿ ಇಟ್ಟರು. ಮೌಸ್ ಅಲ್ಲಾಡುತ್ತಿದ್ದರೆ, ಕೀಲಿಮಣೆ ಒತ್ತುತ್ತಿದ್ದರೆ ಚುಕ್ಕಿ ಹಸಿರು. ಐದು ನಿಮಿಷ ಏನೂ ನಡೆಯದಿದ್ದರೆ ಹಳದಿ. ಪ್ರತಿ ಶುಕ್ರವಾರ ಯಾರ ಚುಕ್ಕಿ ಎಷ್ಟು ಗಂಟೆ ಹಸಿರಾಗಿತ್ತು ಅನ್ನುವ ಪಟ್ಟಿ ಮೇಲಿನವರಿಗೆ ಹೋಗುತ್ತಿತ್ತು. ಅಂದರೆ, ನಾನು ಸಾಕ್ಷಿಯಾಗಿದ್ದೆ.

ಕೀರ್ತನ್ ಎರಡೇ ವಾರದಲ್ಲಿ ದಾರಿ ಕಂಡುಕೊಂಡ. ಯಾರದೋ ಮದುವೆಯಲ್ಲಿ ಬಂದಿದ್ದ ಗೋಡೆ ಗಡಿಯಾರವನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಅದರ ಗಾಜಿನ ಮೇಲೆ ನನ್ನನ್ನು ಕೂರಿಸಿದ. ಸೆಕೆಂಡ್ ಮುಳ್ಳು ನನ್ನ ದೀಪದ ಕೆಳಗೆ ಹಾದುಹೋದಾಗಲೆಲ್ಲ ನಾನೇ ಸರಿದೆ ಅಂತ ನನಗೆ ಭ್ರಮೆ. ಪರದೆಯ ಮೇಲಿನ ಬಾಣ ಚೂರು ಜಿಗಿಯುತ್ತಿತ್ತು. ಚುಕ್ಕಿ ಹಸಿರು. ಕೀರ್ತನ್ ಬ್ಯಾಡ್ಮಿಂಟನ್ ಆಡಲು ಹೊರಟ.

ಅವನ ಅಮ್ಮ ಕಾಫಿ ತಂದವರು ನಿಂತು ನೋಡಿದರು. "ಏನಾ ಇದು, ಗಡಿಯಾರದ ಮೇಲೆ ಇಟ್ಟಿದ್ದಿ?"

"ಕೆಲಸ ಮಾಡ್ತಾ ಉಂಟು ಅಮ್ಮ, ಮುಟ್ಟಬೇಡಿ" ಅಂದ.

ಪಾಪ, ಅವರು ಆಮೇಲೆ ಆ ಮೇಜು ಒರೆಸುವುದನ್ನೇ ಬಿಟ್ಟರು. ಒಂದು ವರ್ಷ ಹೀಗೇ ಕಳೆಯಿತು. ಕೀರ್ತನ್‌ಗೆ ಮೆಚ್ಚುಗೆಯ ಪತ್ರ ಬಂತು, ಸತತವಾಗಿ ತೊಡಗಿಕೊಂಡಿದ್ದಕ್ಕೆ. ಖುಷಿಯಲ್ಲಿ ಅವನು ನನ್ನ ಬೆನ್ನಿಗೆ ಶಟಲ್‌ಕಾಕಿನ ಚಿತ್ರದ ಸ್ಟಿಕರ್ ಅಂಟಿಸಿದ. ಅದಾಗಿ ಕೆಲವೇ ತಿಂಗಳಿಗೆ ಅವನನ್ನು ತಂಡಕ್ಕೆ ಮುಖ್ಯಸ್ಥನನ್ನಾಗಿ ಮಾಡಿದರು. ಒಬ್ಬ ಮನುಷ್ಯನನ್ನು ಗೋಡೆ ಗಡಿಯಾರವೊಂದು ಮೇಲೆ ಹತ್ತಿಸಿದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಕಚೇರಿ ಮತ್ತೆ ತೆರೆದಾಗ ಕೀರ್ತನ್ ತಂತಿಯಿಲ್ಲದ ಹೊಸ ಮೌಸ್ ತೆಗೆದುಕೊಂಡು ನನ್ನನ್ನು ಸ್ಟೋರಿಗೆ ಮರಳಿಸಿದ. ಫಕೀರಪ್ಪ ಸ್ಟಿಕರ್ ಕೀಳಲು ಉಗುರು ಹಾಕಿದವರು, "ಇರ್ಲಿ ಬಿಡು, ಚಂದ ಐತಿ" ಅಂತ ಹಾಗೇ ಬಿಟ್ಟರು. ಮಾರನೆಯ ದಿನ ನಾನು ಕೀರ್ತನ್ ತಂಡದಲ್ಲೇ ಇದ್ದ ಮಂದಾಕಿನಿಯ ಮೇಜಿಗೆ ಹೋದೆ.

ಮಂದಾಕಿನಿಗೆ ನಲವತ್ತಾರು ವರ್ಷ. ಆಸ್ಪತ್ರೆಗಳ ರಕ್ತನಿಧಿಗೆ ಬೇಕಾದ ಸಾಫ್ಟ್‌ವೇರ್ ಅವಳ ಕೈಯದು. ಯಾವ ಚೀಲದಲ್ಲಿ ಯಾವ ಗುಂಪಿನ ರಕ್ತ ಇದೆ, ಅದನ್ನು ಯಾವ ದಿನದವರೆಗೆ ಬಳಸಬಹುದು ಅಂತ ಲೆಕ್ಕ ಹಿಡಿಯುವುದು ಅದರ ಕೆಲಸ. ಅಷ್ಟು ದೊಡ್ಡ ಜವಾಬ್ದಾರಿ ಹೊತ್ತವಳು ನನ್ನನ್ನು ಮುಟ್ಟುತ್ತಲೇ ಇರಲಿಲ್ಲ. ನನ್ನ ಮೇಲೆ ಒಂದು ರೂಲಿನ ಪುಸ್ತಕ ಮಗುಚಿಟ್ಟು, ಪೆನ್ಸಿಲ್ ಕಚ್ಚಿಕೊಂಡು, ಕಿಟಕಿಯಾಚೆಯ ಹೊಂಗೆ ಮರ ನೋಡುತ್ತಾ ಗಂಟೆಗಟ್ಟಲೆ ಕೂರುತ್ತಿದ್ದಳು. ಇವಳೂ ಕಳ್ಳಿ ಅಂದುಕೊಂಡೆ. ಕೀರ್ತನ್‌ಗಾದರೂ ಗಡಿಯಾರ ಹುಡುಕುವಷ್ಟು ಶ್ರದ್ಧೆ ಇತ್ತು, ಇವಳಿಗೆ ಅದೂ ಇಲ್ಲವಲ್ಲ ಅಂತ ಮೂಗು ಮುರಿದೆ.

ಅವಳು ಪುಸ್ತಕದಲ್ಲಿ ಚಿಕ್ಕ ಚಿಕ್ಕ ಚೀಲಗಳ ಚಿತ್ರ ಬರೆಯುತ್ತಿದ್ದಳು. ಒಂದು ಚೀಲ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗುವ ದಾರಿಗೆಲ್ಲ ಬಾಣದ ಗುರುತು. ಮಧ್ಯಾಹ್ನದ ಮೇಲೆ ಒಂದು ಗಂಟೆ ಕೀಲಿಮಣೆ ಕುಟ್ಟುತ್ತಿದ್ದಳು, ಮುಗಿಯಿತು. ಹಾಗೆ ಬರೆದದ್ದರಲ್ಲಿ ಹನ್ನೊಂದು ವರ್ಷ ಒಂದು ದೂರೂ ಬಂದಿರಲಿಲ್ಲವಂತೆ. ಇದು ನನಗೆ ತಿಳಿದದ್ದು ತಡವಾಗಿ. ನಾನು ಎಣಿಸುತ್ತಿದ್ದದ್ದು ನನ್ನ ಅಲುಗಾಟ ಮಾತ್ರ, ಪಟ್ಟಿಯೂ ಅದನ್ನೇ ಎಣಿಸುತ್ತಿತ್ತು.

ಒಂದು ಸೋಮವಾರ ಕೀರ್ತನ್ ಅವಳ ಮೇಜಿಗೆ ಬಂದ. "ಮೇಡಂ, ನಿಮ್ಮ ದಿನದಲ್ಲಿ ಆರೇಳು ಗಂಟೆ ಹಳದಿ ತೋರಿಸ್ತಾ ಉಂಟು."

"ಯೋಚನೆ ಮಾಡ್ತಿದ್ದೆ ಕಣಪ್ಪ."

"ಪಟ್ಟಿಯಲ್ಲಿ ಯೋಚನೆಗೆ ಕಾಲಂ ಇಲ್ಲ ಮೇಡಂ. ಮೇಲಿನವರು ಕೇಳ್ತಾರೆ." ಅವನು ತಲೆ ತಗ್ಗಿಸಿ ಒಂದು ಕಾಗದ ಮುಂದಿಟ್ಟ. ಅರವತ್ತು ದಿನದಲ್ಲಿ ಹಸಿರು ಹೆಚ್ಚದಿದ್ದರೆ ಕೆಲಸ ಬಿಡಬೇಕಾಗುತ್ತದೆ ಅಂತ ಅದರಲ್ಲಿತ್ತು.

ಪುಸ್ತಕದ ಅಡಿಯಲ್ಲಿದ್ದ ನನ್ನನ್ನು ಅವನು ನೋಡಲಿಲ್ಲ. ನಾನು ಅವನ ದನಿ ಗುರುತಿಸಿದೆ. ನನ್ನನ್ನು ಗಡಿಯಾರದ ಮೇಲೆ ಕೂರಿಸಿದವನೇ ಇವತ್ತು ಹಳದಿ ಲೆಕ್ಕ ಕೇಳುತ್ತಿದ್ದಾನಲ್ಲ ಅಂತ ಮೈಯೆಲ್ಲ ಉರಿಯಿತು.

ಅವತ್ತು ಊಟದ ಹೊತ್ತಿಗೆ ಮಂದಾಕಿನಿ ಅಕ್ಕನಿಗೆ ಫೋನ್ ಮಾಡಿದಳು. "ಈ ವಯಸ್ಸಲ್ಲಿ ನನ್ನ ಯಾರು ತಗೋತಾರೆ ಅಕ್ಕ? ಇಪ್ಪತ್ತೆರಡರ ಹುಡುಗೀರ ಜೊತೆ ಇಂಟರ್‌ವ್ಯೂಗೆ ಸಾಲಲ್ಲಿ ನಿಂತ್ಕೋಬೇಕಾ?" ಫೋನ್ ಇಟ್ಟವಳೇ ಪೆನ್ಸಿಲ್ಲು, ಪುಸ್ತಕ ಡ್ರಾಯರಿಗೆ ಹಾಕಿ ನನ್ನನ್ನು ಕೈಗೆ ತೆಗೆದುಕೊಂಡಳು.

ಆಮೇಲೆ ಶುರುವಾಯಿತು ನೋಡಿ. ಓದುವಾಗಲೂ ಒಂದು ಕೈ ನನ್ನ ಮೇಲೆ, ಪಾತ್ರೆಯಲ್ಲಿ ಸಂಡಿಗೆ ಹಿಟ್ಟು ತಿರುವಿದ ಹಾಗೆ ನನ್ನನ್ನು ಸುತ್ತಿಸುವುದು. ಯೋಚನೆ ಅರ್ಧಕ್ಕೆ ಬಂದಿರುತ್ತಿತ್ತು, ಅಷ್ಟರಲ್ಲಿ ಚುಕ್ಕಿ ನೆನಪಾಗಿ ಬೆಚ್ಚಿ ನನ್ನನ್ನು ಅಲ್ಲಾಡಿಸುತ್ತಿದ್ದಳು. ಹೊಂಗೆ ಮರದ ಕಡೆ ಕಣ್ಣು ಹೋದರೆ ತಪ್ಪು ಮಾಡಿದವರಂತೆ ತಿರುಗುತ್ತಿದ್ದಳು. ಅಂಗೈ ಬೆವರು ನನ್ನ ಗುಂಡಿಗಳ ಸಂದಿಗೆ ಇಳಿಯುತ್ತಿತ್ತು. ಹೀಗೆ ಐದು ವಾರ ಅವಳ ಹೆಸರಿನ ಮುಂದೆ ಹಳದಿ ಹೆಚ್ಚುಕಡಿಮೆ ಇರಲೇ ಇಲ್ಲ.

ಆರನೆಯ ವಾರ ಚಿತ್ರದುರ್ಗದ ಕಡೆಯ ಒಂದು ರಕ್ತನಿಧಿಯಿಂದ ಫೋನ್ ಬಂತು. ಬೇರೆ ಆಸ್ಪತ್ರೆಯಿಂದ ಬಂದ ಚೀಲವೊಂದನ್ನು ಸಾಫ್ಟ್‌ವೇರ್ ಇನ್ನೂ ಚೆನ್ನಾಗಿದೆ ಅಂತ ತೋರಿಸುತ್ತಿತ್ತು. ಅಲ್ಲಿನ ತಂತ್ರಜ್ಞೆ ಅಭ್ಯಾಸಬಲದಿಂದ ಚೀಲದ ಮೇಲಿನ ಚೀಟಿ ಓದಿದ್ದಳು. ಅವಧಿ ಮುಗಿದು ಒಂಬತ್ತು ದಿನ ಆಗಿತ್ತು. ರಕ್ತ ಕೊಟ್ಟ ದಿನದಿಂದ ಎಣಿಸುವ ಬದಲು, ಚೀಲ ಆಸ್ಪತ್ರೆಗೆ ಬಂದ ದಿನದಿಂದ ಎಣಿಸುವಂತೆ ಮಂದಾಕಿನಿ ಬರೆದುಬಿಟ್ಟಿದ್ದಳು. ಚಿತ್ರ ಬರೆದಿದ್ದರೆ ಆ ಬಾಣ ಅವಳ ಕಣ್ಣಿಗೆ ಬೀಳುತ್ತಿತ್ತು.

ಕೀರ್ತನ್ ಓಡಿ ಬಂದ. "ಹೇಗಾಯ್ತು ಮೇಡಂ? ನೀವು ಚೆನ್ನಾಗಿ ಸುಧಾರಿಸಿದ್ರಿ ಅಲ್ವಾ? ಐದು ವಾರ ಪೂರ್ತಿ ಹಸಿರು."

"ಆ ಹಸಿರು ವಾರದಲ್ಲೇ ಬರೆದದ್ದು ಕಣಪ್ಪ ಅದು" ಅಂದಳು ಮಂದಾಕಿನಿ. "ಒಂದು ಜೀವ ಹೋಗ್ತಿತ್ತು. ಕೈ ನೋಡ್ಕೊಂಡಿದ್ದೆ, ಚೀಲ ನೋಡ್ಲಿಲ್ಲ."

ಅವನು ಏನೋ ಹೇಳಲು ಬಾಯಿ ತೆರೆದವನು ಮೇಜಿನ ಮೇಲಿದ್ದ ನನ್ನನ್ನು ಕಂಡ. ಬೆನ್ನ ಮೇಲಿನ ಶಟಲ್‌ಕಾಕ್ ಕಂಡ. ಪಕ್ಕದ ಮೇಜಿನವರು ಇಲ್ಲವೆಂದು ಖಾತ್ರಿ ಮಾಡಿಕೊಂಡು ಕುರ್ಚಿ ಎಳೆದು ಕೂತ.

"ಮೇಡಂ, ನಿಮಗೆ ಒಂದು ಉಪಾಯ ಹೇಳ್ತೇನೆ. ಒಂದು ಗಡಿಯಾರ ತನ್ನಿ, ಮುಳ್ಳಿರೋದು. ಮೌಸ್ ಅದರ ಮೇಲೆ ಇಡಿ. ನೀವು ನೆಮ್ಮದಿಯಲ್ಲಿ ಯೋಚನೆ ಮಾಡಿ. ಸುಮಾರು ಜನ ಹೀಗೇ ಮಾಡೋದು."

"ನಿಂಗೆ ಹೇಗೆ ಗೊತ್ತು?"

ಅವನು ಕೈಚಾಚಿ ನನ್ನ ಬೆನ್ನಿನ ಸ್ಟಿಕರನ್ನು ಅಂಗೈಯಲ್ಲಿ ಮುಚ್ಚಿದ. ಅವನು ಕೆಟ್ಟವನೇನಲ್ಲ, ಅವಳ ಕೆಲಸ ಉಳಿಸಲು ನಿಜವಾಗಿಯೂ ಬಯಸಿದ್ದ ಅಂತ ಈಗ ಅನಿಸುತ್ತದೆ. ಆಗ ಅನಿಸಲಿಲ್ಲ.

ಮಂದಾಕಿನಿ ಡ್ರಾಯರಿನಿಂದ ಪುಸ್ತಕ, ಪೆನ್ಸಿಲ್ ಹೊರತೆಗೆದಳು. "ನಾನು ಯೋಚನೆ ಮಾಡೋದನ್ನ ಕಳ್ಳತನ ಅನ್ನೋ ಹಾಗೆ ಮುಚ್ಚಿಟ್ಟುಕೊಂಡು ಮಾಡ್ಲಾ? ಬೇಡ ಕೀರ್ತನ್" ಅಂದಳು. ಎದ್ದು ಕಂಪ್ಯೂಟರಿನ ಹಿಂದೆ ಕೈಹಾಕಿ ನನ್ನ ತಂತಿ ಎಳೆದಳು. ನನ್ನ ಕೆಂಪು ದೀಪ ಆರಿತು.

ದೀಪ ಆರಿದರೂ ಕಿವಿ ಇತ್ತು. ಮೂರು ದಿನ ಪೆನ್ಸಿಲ್ ಸದ್ದು ಕೇಳಿದೆ. ಇಷ್ಟು ದಿನ ಇವಳನ್ನು ಕಳ್ಳಿ ಅಂದೆನಲ್ಲ ಅಂತ ನಾಚಿಕೆಯಾಯಿತು. ಮೂರನೆಯ ದಿನ ಮಧ್ಯಾಹ್ನ ಒಂದು ಗಂಟೆ ಕೀಲಿಮಣೆ ಸದ್ದು, ಅಷ್ಟೇ. ಚಿತ್ರದುರ್ಗದವರು ಎಲ್ಲ ಚೀಲಗಳ ಚೀಟಿಯನ್ನೂ ತಾಳೆ ನೋಡಿ ಸರಿಯಾಗಿದೆ ಅಂದರು. ಆ ಒಂದು ಗಂಟೆ ಬಿಟ್ಟರೆ ಮೂರು ದಿನವೂ ಅವಳ ಚುಕ್ಕಿ ಹಳದಿಯಾಗಿತ್ತು, ಅದಕ್ಕೆ ಚೀಲದ ತಪ್ಪೂ ಸೇರಿಕೊಂಡಿತು. ಅರವತ್ತು ದಿನ ತುಂಬುವವರೆಗೂ ಮೇಲಿನವರು ಕಾಯಲಿಲ್ಲ, ಆ ಶುಕ್ರವಾರವೇ ಅವಳ ಕೆಲಸ ಹೋಯಿತು. ಹೋಗುವಾಗ ರೂಲಿನ ಪುಸ್ತಕವನ್ನು ಕೀರ್ತನ್ ಕೈಗೆ ಕೊಟ್ಟು, "ಚೀಲದ ದಾರಿ ಎಲ್ಲ ಇದರಲ್ಲಿದೆ. ಮುಂದೆ ಬರೋರಿಗೆ ಕೊಡು, ಸುಮ್ಮನೆ ಕೂತು ಓದೋಕೆ ಬಿಡು" ಅಂದಳು. ಅವನು ತಲೆಯಾಡಿಸಿದ. ಬಿಟ್ಟನೋ ಇಲ್ಲವೋ ನನಗೆ ತಿಳಿಯದು.

ಈಗ ನಾನು ಸ್ಟೋರಿನ ರಟ್ಟಿನ ಪೆಟ್ಟಿಗೆಯಲ್ಲಿದ್ದೇನೆ, ಹಳೆಯ ಮೌಸುಗಳ ನಡುವೆ. ಎಲ್ಲರೂ ತಂತಿಯಿಲ್ಲದವನ್ನೇ ಕೇಳುವುದರಿಂದ ನನ್ನನ್ನು ಯಾರೂ ಒಯ್ಯುವುದಿಲ್ಲ. ಸಂಶಯಪಡಲು ಬೇಕಾದಷ್ಟು ಪುರುಸೊತ್ತು. ಎಲ್ಲರನ್ನೂ ಅನುಮಾನಿಸಿದ ನಾನು ನನ್ನನ್ನೊಬ್ಬನನ್ನು ಬಿಟ್ಟಿದ್ದೆ. ಗಡಿಯಾರದ ಮೇಲೆ ಕೂತು ಇವನು ದುಡಿಯುತ್ತಿದ್ದಾನೆ ಅಂದದ್ದು ನಾನು. ದುಡಿಯುತ್ತಿದ್ದವಳನ್ನು ಸುಮ್ಮನೆ ಕೂತಿದ್ದಾಳೆ ಅಂದದ್ದೂ ನಾನೇ.

ಮಂದಾಕಿನಿ ಹೋದ ಮರುವಾರ ಕೀರ್ತನ್ ಸ್ಟೋರಿಗೆ ಬಂದಿದ್ದ. ಏನೋ ತಂತಿ ಬೇಕು ಅಂದ. ಫಕೀರಪ್ಪ ಒಳಗೆ ಹೋದಾಗ ಪೆಟ್ಟಿಗೆಗೆ ಕೈಹಾಕಿ ನನ್ನನ್ನು ಹುಡುಕಿ ತೆಗೆದು, ಶಟಲ್‌ಕಾಕಿನ ಸ್ಟಿಕರ್ ಕಿತ್ತು ಜೇಬಿಗೆ ಹಾಕಿಕೊಂಡ. ತಂತಿ ತೆಗೆದುಕೊಳ್ಳದೆಯೇ ಹೊರಟುಹೋದ. ಅವನು ಕಿತ್ತದ್ದು ನಾಚಿಕೆಗೋ ಭಯಕ್ಕೋ, ಈಗಲೂ ನನಗೆ ಬಗೆಹರಿದಿಲ್ಲ.

ಅಂಟು ಮಾತ್ರ ಹೋಗಿಲ್ಲ. ಆರು ತಿಂಗಳಿಗೊಮ್ಮೆ ಫಕೀರಪ್ಪ ಪೆಟ್ಟಿಗೆ ಎಣಿಸುವಾಗ ಅವರ ಹೆಬ್ಬೆರಳು ನನ್ನ ಬೆನ್ನಿಗೆ ಹತ್ತಿಕೊಳ್ಳುತ್ತದೆ. ಧೂಳು ಮೆತ್ತಿದ ಆ ಜಾಗವನ್ನು ಕಣ್ಣಿನ ಹತ್ತಿರ ಹಿಡಿದು, "ಇಲ್ಲೊಂದು ಏನೋ ಇತ್ತಲ್ಲಪಾ" ಅನ್ನುತ್ತಾರೆ. ಅಷ್ಟಾದರೂ ಒಬ್ಬರು ಕೇಳಿದರಲ್ಲ, ಯಾರು ಕಿತ್ತರು ಅಂತಲೂ ಕೇಳಿಯಾರು ಅಂತ ನಾನು ಕಾಯುತ್ತೇನೆ. ಅವರು ಪಟ್ಟಿಯಲ್ಲಿ ನನ್ನ ನಂಬರಿನ ಮುಂದೆ 'ಸರಿಯಾಗಿದೆ' ಅಂತ ಬರೆದು ನನ್ನನ್ನು ಪೆಟ್ಟಿಗೆಗೆ ಹಾಕುತ್ತಾರೆ.