ಪರದೆಯ ಮೇಲಿನ ಅಗೆಲು

ಸಿನಿಮಾ ಕೆಟ್ಟದಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಮಗ ಮಿಲನ್ ತನ್ನ ಡ್ರೋನಿನಲ್ಲಿ ತೆಗೆದ ಒಂದು ಶಾಟ್ ಅದರಲ್ಲಿದೆ ಎನ್ನುವ ಒಂದೇ ಕಾರಣಕ್ಕೆ ಯಮುನ ಭಾನುವಾರದ ಕೆಲಸವನ್ನೆಲ್ಲ ಬಿಟ್ಟು, ಮಾವ ಗುರುವಪ್ಪನವರನ್ನೂ ಹೊರಡಿಸಿಕೊಂಡು, ಚೇರಂಬಾಣೆಯಿಂದ ಕುಶಾಲನಗರದ ತನಕ ಜೀಪಿನಲ್ಲಿ ಕುಲುಕಿಕೊಂಡು ಬಂದಿದ್ದಳು. ಮಿಲನ್ ಮದುವೆಗಳಿಗೆ ಡ್ರೋನ್ ಹಾರಿಸುವವನು. ಕಳೆದ ಹುತ್ತರಿ ಹಬ್ಬದ ಸಮಯದಲ್ಲಿ ಈ ಸಿನಿಮಾದವರು ಅವನನ್ನು ಮೂರು ದಿನಕ್ಕೆ ಕರೆದಿದ್ದರು. ಅಂದಿನಿಂದ ಅವನ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಕಥೆಯೋ, ದೇವರಿಗೇ ಪ್ರೀತಿ. ಹೀರೋ ಮಿಲಿಟರಿಯಲ್ಲಿ ಡ್ರೋನ್ ಹಾರಿಸುತ್ತಾನೆ. ಇಲ್ಲಿ ಕೂತು ಗುಂಡಿ ಒತ್ತಿದರೆ ಅಲ್ಲಿ ಯಾರೋ ಸಾಯುತ್ತಾರೆ. ಅವನ ಮನೆಯಲ್ಲಿ ಒಂದು ಗುಟ್ಟು. ಮನೆಯವರೆಲ್ಲ ಅದರ ಬಗ್ಗೆ ಅರ್ಧ ಮಾತಾಡಿ, ಕಣ್ಣು ಅರಳಿಸಿ, ಎದ್ದು ಹೋಗುತ್ತಾರೆ. ಇಂಟರ್ವಲ್ಲಿಗೆ ಮೊದಲೇ ಮುಂದಿನ ಸಾಲಿನವನೊಬ್ಬ "ಅಪ್ಪನೇ ವಿಲನ್ ಮಾರಾಯ" ಎಂದುಬಿಟ್ಟ. ಕೊನೆಗೆ ಅದೇ ಆಯಿತು. ಬೆಟ್ಟ ಅಗೆದು ಇಲಿ ಹಿಡಿಯುವುದಕ್ಕೆ ಎರಡೂವರೆ ಗಂಟೆ ಬೇಕಾಯಿತು.

ಮಿಲನ್‌ನ ಶಾಟ್ ಬಂದದ್ದು ಇಂಟರ್ವಲ್ ಆದ ಮೇಲೆ. ಪರದೆಯ ಮೂಲೆಯಲ್ಲಿ "ಶತ್ರು ದೇಶದ ಗಡಿ" ಎಂದು ಅಕ್ಷರ ಮೂಡಿತು. ಕೆಳಗೆ ಕಂಡದ್ದು ಇವರದೇ ಕಾಫಿ ತೋಟ, ಅದರಾಚೆ ಕೆರೆ, ಕೆರೆಯಾಚೆ ಹುಲ್ಲು ಬೆಳೆದ ಬಾಣೆ. ಬಾಣೆಯ ನಡುವೆ ಬಿಳಿ ಪಂಚೆಯ ಒಬ್ಬ ಮುದುಕ. ಸಿನಿಮಾದವರು ಅವನ ನೆತ್ತಿಯ ಮೇಲೆ ಕೆಂಪು ಗುರಿಗೆರೆ ಕೂರಿಸಿದ್ದರು.

"ಅವ್ವ, ಅದು ತಾತ," ಮಿಲನ್ ಅವಳ ಕೈ ಹಿಂಡಿದ. "ಹಾರಿಸುವಾಗ ಸಣ್ಣ ಸ್ಕ್ರೀನಲ್ಲಿ ಚುಕ್ಕಿ ಹಾಗೆ ಕಂಡಿದ್ರು. ಡೈರೆಕ್ಟರ್‌ಗೆ ಭಾರೀ ಇಷ್ಟ ಆಯ್ತು."

ಇಷ್ಟು ದೊಡ್ಡ ಪರದೆಯಲ್ಲಿ ಚುಕ್ಕಿಗೆ ಕೈಕಾಲು ಬಂದಿತ್ತು. ಮುದುಕ ಬಗ್ಗಿ ಒಂದು ಬಾಳೆಲೆ ಹಾಸಿದ. ಪಾತ್ರೆಯಿಂದ ಏನನ್ನೋ ಬಡಿಸಿದ. ಬಾಟಲಿಯಿಂದ ಲೋಟಕ್ಕೆ ಬಗ್ಗಿಸಿದ. ಮೂರು ಹೆಜ್ಜೆ ಹಿಂದಕ್ಕೆ ಸರಿದು, ಎಲೆಗೆ ಬೆನ್ನು ತಿರುಗಿಸಿ, ಕೈ ಕಟ್ಟಿ ನಿಂತ. ಅಷ್ಟರಲ್ಲಿ ಗ್ರಾಫಿಕ್ಸಿನ ಬಾಂಬು ಬಿತ್ತು. ಬಾಣೆಯೆಲ್ಲ ಹೊಗೆಯಾಯಿತು, ಜನ ಸೀಟಿ ಹೊಡೆದರು.

ಯಮುನಳಿಗೆ ಸೀಟಿ ಕೇಳಿಸಲಿಲ್ಲ. ಮಾವ ಬಡಿಸಿದ್ದು ಅಗೆಲು. ಅಗೆಲು ಬಡಿಸುವುದು ಸತ್ತವರಿಗೆ. ಅವರು ಉಣ್ಣುವುದನ್ನು ಬದುಕಿದವರು ನೋಡಬಾರದು ಎಂದು ಆ ಮನೆಯಲ್ಲಿ ಬೆನ್ನು ತಿರುಗಿಸಿ ನಿಲ್ಲುವುದು ಕ್ರಮ. ಮನೆಯ ಸತ್ತವರಿಗೆಲ್ಲ ವರ್ಷಕ್ಕೊಮ್ಮೆ ನಡುಮನೆಯಲ್ಲಿ ಸಾಲಾಗಿ ಎಲೆ ಹಾಕುತ್ತಾರೆ. ಅಡಿಗೆ ಮಾಡುವವಳು ಅವಳೇ, ಪ್ರತಿ ಎಲೆ ಯಾರದೆಂದು ಅವಳಿಗೆ ಬಾಯಿಪಾಠ. ಬಾಣೆಯಲ್ಲಿ ಒಂಟಿಯಾಗಿ ಉಣ್ಣಬೇಕಾದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಅವಳಿಗೆ ತಿಳಿದ ಹಾಗೆ.

ಹೊರಗೆ ಬಂದು ಜೀಪು ಹತ್ತಿದ ಮೇಲೆ ಕೇಳಿದಳು. "ಅದು ಯಾವ ದಿನ ತೆಗೆದದ್ದು ಮಗ?"

"ಹುತ್ತರಿ ಮಾರನೆ ದಿನ ಬೆಳಿಗ್ಗೆ. ಯಾಕವ್ವ?"

"ಸುಮ್ಮನೆ."

ಹದಿನೇಳು ವರ್ಷದ ಹಿಂದೆ ಹುತ್ತರಿಯ ರಾತ್ರಿ ಗೆಳೆಯರ ಮನೆಗೆಂದು ಹೋದ ಅವಳ ಗಂಡ ಚೇತನ್‌ಕುಮಾರ್ ಬೆಳಗಾದರೂ ಬಂದಿರಲಿಲ್ಲ. ಮಿಲನ್‌ಗೆ ಆಗ ಮೂರು ವರ್ಷ. ಗಡಿಯ ಕುಟ್ಟದಲ್ಲಿ ಕೇರಳದ ಬಸ್ಸು ಹತ್ತಿದ್ದನ್ನು ಯಾರೋ ನೋಡಿದರಂತೆ ಎಂದು ಸುದ್ದಿ ತಂದವರು ಮಾವನೇ. ಮಗುವನ್ನು ಸೊಂಟಕ್ಕೆ ಏರಿಸಿ ಅವಳು ಕುಟ್ಟಕ್ಕೆ ನಾಲ್ಕು ಸಲ ಹೋದಳು. ನಾಲ್ಕು ಸಲವೂ ಜೊತೆಗಿದ್ದವರು ಮಾವ. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳಿಗೆ ಫೋಟೋ ತೋರಿಸಿ, "ನಮ್ಮ ಹುಡುಗ, ನೋಡಿದ್ದೀರಾ?" ಎಂದು ಕೇಳಿದವರು ಅವರು. ಅಂದಿನಿಂದ ಇಂದಿನವರೆಗೆ ಗೇಟು ಸದ್ದಾದರೆ ಅವಳು ಕೈಯ ಕೆಲಸ ಬಿಟ್ಟು ಎದ್ದು ನೋಡುತ್ತಾಳೆ. ನಿನ್ನೆಯೂ ನೋಡಿದ್ದಳು.

"ತಾತ, ನಿಮ್ಮನ್ನ ಉಡಾಯಿಸಿಯೇ ಬಿಟ್ರಲ್ಲ," ಎಂದು ಮಿಲನ್ ದಾರಿಯುದ್ದಕ್ಕೂ ಕಾಡಿಸಿದ. ಮುಂದಿನ ಸೀಟಿನಲ್ಲಿ ಕೂತಿದ್ದ ಗುರುವಪ್ಪ ಒಮ್ಮೆಯೂ ತಿರುಗಲಿಲ್ಲ. ಕಿವಿ ಮಂದವೆಂದು ಮಿಲನ್ ಸುಮ್ಮನಾದ. ಅವರ ಕುತ್ತಿಗೆಯ ಹಿಂದೆ ಬೆವರಿಳಿಯುವುದನ್ನು ಯಮುನ ಮಡಿಕೇರಿ ದಾಟುವ ತನಕ ನೋಡುತ್ತ ಕೂತಳು.

ಮನೆ ಸೇರಿದಾಗ ಇನ್ನೂ ಬೆಳಕಿತ್ತು. ಮಿಲನ್ ಸ್ನಾನಕ್ಕೆ ಹೋದ. ಜಗಲಿಯ ಕುರ್ಚಿಯಲ್ಲಿ ಕೂತ ಮಾವನ ಎದುರು ಯಮುನ ನಿಂತಳು. ಅವರೆದುರು ಹಾಗೆ ನೇರವಾಗಿ ನಿಂತದ್ದು ಅದೇ ಮೊದಲು.

"ಬಾಣೆಲಿ ಯಾರಿಗೆ ಬಡಿಸಿದ್ದು ಮಾವ?"

"ಹಿರಿಯರಿಗೆ."

"ಹಿರಿಯರಿಗೆ ನಡುಮನೇಲಿ ಬಡಿಸ್ತೇವೆ. ನಾನೇ ಅಡಿಗೆ ಮಾಡ್ತೇನೆ."

ಗುರುವಪ್ಪ ಅಂಗಳ ನೋಡಿದರು. ಅವರು ಸುಳ್ಳೇ ಹೇಳಲಿ ಎಂದು ಯಮುನ ಒಳಗೊಳಗೇ ಬೇಡಿಕೊಂಡಳು. ಯಾವ ಸುಳ್ಳಾದರೂ ಸರಿ, ಅವಳು ನಂಬಲು ತಯಾರಿದ್ದಳು.

"ಗದ್ದೆಗೆ ಹಂದಿ ಬರ್ತಿತ್ತು," ಎಂದರು. "ಕೋವಿ ಹಿಡ್ಕೊಂಡು ಕಾವಲು ಕೂತಿದ್ದೆ. ಇನ್ನೂ ಸರಿ ಬೆಳಕಾಗಿರ್ಲಿಲ್ಲ. ಕಾಫಿ ಗಿಡ ಅಲ್ಲಾಡ್ತು. ಯಾರು ಅಂತ ಒಂದು ಮಾತು ಕೂಗಿ ಕೇಳ್ಬೇಕಿತ್ತು. ಕೇಳ್ಲಿಲ್ಲ."

ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು ಕೇಳುತ್ತಿತ್ತು.

"ಜೀವ ಇತ್ತಾ?"

"ಇಲ್ಲ. ಅಲ್ಲೇ ಹೋಗಿತ್ತು. ನಾನು ಜೈಲಿಗೆ ಹೋದ್ರೆ ನಿಂಗೂ ಮಗೂಗೂ ಯಾರೂ ಇಲ್ಲ ಅಂತ ಕಂಡ್ತು. ಬಾಣೆಲಿ ಮಣ್ಣು ಮಾಡ್ದೆ."

"ಮತ್ತೆ ಕುಟ್ಟಕ್ಕೆ ಬಂದ್ರಿ. ನನ್ನ ಜೊತೆ. ಫೋಟೋ ಹಿಡ್ಕೊಂಡು."

ಯಮುನಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕೊಂದದ್ದಕ್ಕಿಂತ ಹೆಚ್ಚಾಗಿ ಆ ನಾಲ್ಕು ಬಸ್ ಪ್ರಯಾಣಗಳ ಮೇಲೆ ಬಂತು. ಗಂಡ ಬಿಟ್ಟುಹೋದವಳು ಎಂದು ಊರು ಆಡಿಕೊಂಡದ್ದನ್ನೆಲ್ಲ ಇದೇ ಜಗಲಿಯಲ್ಲಿ ಕೂತು ಇವರು ಕೇಳಿಸಿಕೊಂಡಿದ್ದರು.

ಬಚ್ಚಲಿನ ನೀರು ನಿಂತಿತು. ಗುರುವಪ್ಪ ಕುರ್ಚಿಯಿಂದ ಅರ್ಧ ಎದ್ದು, ಸೊಸೆಯ ಮುಂದೆ ಕೈ ಮುಗಿದರು.

"ಮಿಲನ್‌ಗೆ ಹೇಳ್ಬೇಡ ಯಮುನ. ಅವಂಗೆ ನಾನೇ ಅಪ್ಪ, ನಾನೇ ತಾತ. ನಾನು ಸತ್ತ ಮೇಲೆ ಹೇಳು. ಬೇಕಾದ್ರೆ ಮಾರನೆ ದಿನವೇ ಹೇಳು."

ಒಂದು ಗಳಿಗೆ ಅವಳಿಗೆ ಅದೇ ಸರಿಯೆನಿಸಿತು. ಬಾಯಿ ಮುಚ್ಚಿಕೊಂಡರೆ ನಾಳೆಯೂ ಮನೆ ಇಂದಿನ ಹಾಗೇ ಇರುತ್ತದೆ. ಕಾಫಿ ಕಾಯಿಸಬಹುದು, ಮಾವನ ಮಾತ್ರೆ ಎತ್ತಿಡಬಹುದು. ಮಾವನೂ ಅಂದು ಹೀಗೇ ಲೆಕ್ಕ ಹಾಕಿರಬೇಕು ಎಂದು ಹೊಳೆದಾಗ ಅವಳಿಗೆ ತನ್ನ ಮೇಲೇ ಹೆದರಿಕೆಯಾಯಿತು.

"ನೀವು ಸತ್ತ ಮೇಲೆ ನಿಮಗೆ ಅಗೆಲು ಬಡಿಸುವವನು ಅವನು," ಎಂದಳು. "ಯಾರಿಗೆ ಬಡಿಸ್ತಿದ್ದೇನೆ ಅಂತ ಗೊತ್ತಿದ್ದು ಬಡಿಸ್ಲಿ. ಅಥವಾ ಬಡಿಸದೆ ಇರ್ಲಿ."

ತಲೆ ಒರೆಸಿಕೊಳ್ಳುತ್ತ ಮಿಲನ್ ಜಗಲಿಗೆ ಬಂದ. ತಾತ ಅವ್ವನಿಗೆ ಕೈ ಮುಗಿದು ನಿಂತದ್ದನ್ನು ಕಂಡು, ತಮಾಷೆಯಿರಬೇಕೆಂದು ನಗತೊಡಗಿದ.

"ಕೂತ್ಕೋ ಮಗ," ಎಂದಳು ಯಮುನ. "ತಾತಂಗೆ ನಿನ್ನ ಹತ್ರ ಒಂದು ವಿಷಯ ಹೇಳ್ಲಿಕ್ಕುಂಟು."